ಹಿತ್ತಲಿನ ಶೆಡ್‌ಗೆ ಕರೆಂಟ್ ಎಳೆಯೋದು: ಟ್ರಿಪ್ ಆಗುತ್ತೆ ಅಂತ ದೊಡ್ಡ ಎಂಸಿಬಿ ಹಾಕ್ಬೇಡಿ

ನಮ್ಮನೆ ಹಿತ್ತಲಲ್ಲಿ ಒಂದು ಶೆಡ್ ಇದೆ, ಹದಿನಾರಕ್ಕೆ ಇಪ್ಪತ್ತಡಿ, ಮೇಲೆ ಶೀಟು, ಒಂದು ಕಡೆ ಕಾರು ಸ್ಕೂಟರ್ ನಿಲ್ಸೋಕೆ, ಇನ್ನೊಂದು ಕಡೆ ನನ್ನ ಕೆಲಸದ ಮೇಜು. ಮನೆ ಮುಂದಿನ ಮೀಟರ್ ಬೋರ್ಡಿಂದ ಅಳೆದ್ರೆ 35 ಮೀಟರ್ ದೂರ. ಮೊದಲ ವರ್ಷ ಪೂರ್ತಿ ಅಡುಗೆಮನೆ ಹಿಂದಿನ ಪವರ್ ಪ್ಲಗ್‌ಗೆ ಒಂದು ಉದ್ದದ ಎಕ್ಸ್‌ಟೆನ್ಷನ್ ವೈರ್ ಸಿಕ್ಕಿಸಿ ಅದರಲ್ಲೇ ಎಲ್ಲಾ ಓಡಿಸ್ತಿದ್ದೆ, ಡ್ರಿಲ್ಲು ಗ್ರೈಂಡರು ಎಲ್ಲಾ ಸರಿಯಾಗೇ ಓಡ್ತಿತ್ತು. ಆಮೇಲೆ ಒಂದು 2 ಎಚ್‌ಪಿ ಕಂಪ್ರೆಸರ್ ತಂದೆ. ಮಧ್ಯಾಹ್ನ ಸ್ಟಾರ್ಟ್ ಆಗ್ತಿತ್ತು, ಸಂಜೆ ಏಳು ಗಂಟೆಗೆ ಸ್ವಿಚ್ ಹಾಕಿದ್ರೆ ಬರೀ ಗುಂಯ್ ಅಂತ ನಿಂತುಬಿಡ್ತಿತ್ತು, ಬೆಲ್ಟ್ ತಿರುಗ್ತಾನೇ ಇರ್ಲಿಲ್ಲ, ಎರಡು ಸೆಕೆಂಡಿಗೆ ಮನೆ ಎಂಸಿಬಿ (ಕರೆಂಟ್ ಮಿತಿ ಮೀರಿ ಹರಿದ್ರೆ ತಾನೇ ಕಟ್ ಮಾಡೋ ಸ್ವಿಚ್) ಡಬ್ ಅಂತ ಬೀಳ್ತಿತ್ತು. ಒಂದಿನ ಪ್ಲಗ್ ಎಳೆದ್ರೆ ಬರ್ಲೇ ಇಲ್ಲ, ಜೋರಾಗಿ ಕಿತ್ತಾಗ ನೋಡಿದ್ರೆ ಪಿನ್ ಸುತ್ತ ಬಿಳೀ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ವೈರಿನ ಸಿಪ್ಪೆ ಬೆರಳಲ್ಲಿ ಒತ್ತಿದ್ರೆ ಹಪ್ಪಳದ ಥರ ಪುಡಿಯಾಗ್ತಿತ್ತು.

ವೈರಿಂಗ್ ಮಾಡೋ ಹುಡುಗನ್ನ ಕರೆದೆ. ನೋಡಿದ, "ಅಣ್ಣಾ, 16 ಆಂಪ್ ಎಂಸಿಬಿ ಇದು, ಅದಕ್ಕೇ ಬೀಳ್ತಿದೆ, 32 ಹಾಕ್ಬಿಡ್ತೀನಿ, ಮತ್ತೆ ಬೀಳಲ್ಲ" ಅಂದ. ಅವನು ಹೇಳಿದ್ದು ನಿಜ, ಮತ್ತೆ ಬೀಳ್ತಿರ್ಲಿಲ್ಲ. ಅದೇ ನನಗೆ ಭಯ ಆಗಿದ್ದು. ಬೇಡಪ್ಪ ಅಂತ ಹೇಳಿ ಕಳಿಸಿ, ಅವತ್ತಿಂದ ಇದರ ಬಗ್ಗೆ ಓದೋಕೆ ಕೇಳೋಕೆ ಶುರು ಮಾಡಿದೆ, ನಮ್ಮೂರಿನ ಒಬ್ಬ ಹಳೇ ಕಂಟ್ರಾಕ್ಟರ್ ಹತ್ರ ಕೂತು ಲೆಕ್ಕ ಹಾಕಿಸ್ಕೊಂಡೆ, ಆಮೇಲೆ ಅವರ ಕೈಲೇ ಕೆಲಸ ಮಾಡಿಸಿದೆ. ಈಗ ಶೆಡ್ ಕಟ್ಟಿಸ್ತಿರೋರು, ಗ್ಯಾರೇಜಲ್ಲಿ ಗಾಡಿ ಚಾರ್ಜಿಂಗ್ ಪಾಯಿಂಟ್ ಬೇಕು ಅನ್ನೋರು ತುಂಬಾ ಜನ ಕೇಳ್ತಾರೆ, ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಿದೀನಿ. ಕೆಲಸ ಮಾತ್ರ ಪರ್ಮಿಟ್ ಇರೋ ವೈರ್‌ಮನ್ ಕೈಲೇ ಮಾಡ್ಸಿ, ಆದ್ರೆ ಅವರು ಏನು ಮಾಡ್ತಿದಾರೆ ಯಾಕೆ ಮಾಡ್ತಿದಾರೆ ಅನ್ನೋದು ದುಡ್ಡು ಕೊಡೋ ನಿಮಗೆ ಗೊತ್ತಿರ್ಬೇಕು.

ಮೊದಲು ಆ ಗುಂಯ್ ಸದ್ದಿನ ವಿಷ್ಯ. ತಾಮ್ರದ ವೈರ್ ಅಂದ್ರೂ ಅದಕ್ಕೆ ಒಂದಿಷ್ಟು ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಅಡ್ಡಿ, ಇದ್ದೇ ಇರುತ್ತೆ, ಅದನ್ನ ಓಮಲ್ಲಿ ಅಳೀತಾರೆ. ನನ್ನ ಎಕ್ಸ್‌ಟೆನ್ಷನ್ 1.5 ಸ್ಕ್ವೇರ್ ಎಂಎಂ ವೈರು, ಅದು ಒಂದು ಕಿಲೋಮೀಟರಿಗೆ ಸುಮಾರು 13 ಓಮ್. ನನಗೆ 35 ಮೀಟರ್ ದೂರ, ಆದ್ರೆ ಕರೆಂಟ್ ಫೇಸಲ್ಲಿ ಹೋಗಿ ನ್ಯೂಟ್ರಲಲ್ಲಿ ವಾಪಸ್ ಬರ್ಬೇಕಲ್ಲ, ಹಾಗಾಗಿ 70 ಮೀಟರ್, ಅಂದ್ರೆ ಹತ್ರಹತ್ರ 1 ಓಮ್. ಕಂಪ್ರೆಸರ್ ಓಡ್ತಿರುವಾಗ 10 ಆಂಪ್ ಎಳೆಯುತ್ತೆ, ಆಂಪನ್ನ ಓಮಿಂದ ಗುಣಿಸಿದ್ರೆ ವೈರಲ್ಲೇ 10 ವೋಲ್ಟ್ ಹೋಗುತ್ತೆ, ಅದು ದೊಡ್ಡ ವಿಷ್ಯ ಅಲ್ಲ. ಆದ್ರೆ ಮೋಟರ್ ನಿಂತಲ್ಲಿಂದ ತಿರುಗೋಕೆ ಶುರು ಮಾಡೋ ಆ ಒಂದೆರಡು ಸೆಕೆಂಡು ಐದಾರು ಪಟ್ಟು ಎಳೆಯುತ್ತೆ, 50 ಆಂಪ್ ಅಂತ ಇಟ್ಕೊಳ್ಳಿ, ಆಗ 50 ವೋಲ್ಟ್ ದಾರೀಲೇ ಖಾಲಿ. ಸಂಜೆ ಹೊತ್ತು ಎಲ್ಲರ ಮನೇಲೂ ಲೋಡ್ ಇದ್ದು ನಮಗೆ ಬರೋದೇ 210 ವೋಲ್ಟ್ ಇದ್ರೆ ಮೋಟರಿಗೆ ಸಿಗೋದು 160. ಮೋಟರಿನ ತಿರುಗೋ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ, 230ರ ಬದಲು 160 ಅಂದ್ರೆ ಅರ್ಧಕ್ಕಿಂತ ಕಮ್ಮಿ ಬಲ. ಟ್ಯಾಂಕಲ್ಲಿ ಗಾಳಿ ತುಂಬಿದ್ರೆ ಅಷ್ಟು ಬಲದಲ್ಲಿ ತಿರುಗಲ್ಲ, ತಿರುಗದೇ ಇರೋ ಮೋಟರ್ ಹಾಗೇ 50 ಆಂಪ್ ಎಳೀತಾ ಬಿಸಿಯಾಗ್ತಾ ಕೂತಿರುತ್ತೆ. ಎಂಸಿಬಿ ಬಿದ್ದಿದ್ದು ಮೋಟರ್ ಸುಟ್ಟು ಹೋಗದ ಹಾಗೆ ನೋಡ್ಕೊಳ್ತು. ಅಂದ್ರೆ ತಪ್ಪು ಇದ್ದಿದ್ದು ವೈರಲ್ಲಿ, ನಾವು ಬದಲಾಯಿಸೋಕೆ ಹೊರಟಿದ್ದು ಎಂಸಿಬೀನ.

ಎಂಸಿಬಿ ಯಾರನ್ನ ಕಾಯೋಕೆ ಇರೋದು ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ಅದು ಮಷೀನನ್ನ ಕಾಯೋಕಲ್ಲ, ನಮ್ಮನ್ನ ಕಾಯೋಕಂತೂ ಅಲ್ಲವೇ ಅಲ್ಲ, ಗೋಡೆ ಒಳಗೆ ಇರೋ ವೈರನ್ನ ಕಾಯೋಕೆ. 2.5 ಸ್ಕ್ವೇರ್ ಎಂಎಂ ವೈರು ಪೈಪ್ ಒಳಗೆ ಸುಮಾರು 20 ಆಂಪ್ ಆರಾಮಾಗಿ ಹೊರುತ್ತೆ. ಅದಕ್ಕೆ 32ರ ಎಂಸಿಬಿ ಹಾಕಿದ್ರೆ ಏನಾಗುತ್ತೆ ನೋಡಿ. 32 ಅಂತ ಬರೆದಿದೆ ಅಂತ 33ಕ್ಕೆ ಬೀಳಲ್ಲ ಅದು. ಎಂಸಿಬಿ ಸ್ಟ್ಯಾಂಡರ್ಡ್ ಪ್ರಕಾರ ಬರೆದಿರೋದರ 1.13 ಪಟ್ಟು, ಅಂದ್ರೆ 36 ಆಂಪ್ ಹೋದ್ರೂ ಒಂದು ಗಂಟೆ ಬೀಳ್ಬಾರ್ದು, 1.45 ಪಟ್ಟು, ಅಂದ್ರೆ 46 ಆಂಪ್ ಹೋದ್ರೆ ಒಂದು ಗಂಟೆ ಒಳಗೆ ಬೀಳ್ಬೇಕು. ಒಂದು ಗಂಟೆ! 20 ಹೊರೋ ವೈರಲ್ಲಿ 46 ಹೋದ್ರೆ ಬಿಸಿ ಎರಡು ಪಟ್ಟು ಅಲ್ಲ, ಐದು ಪಟ್ಟು, ಯಾಕಂದ್ರೆ ಅದೂ ವರ್ಗದ ಲೆಕ್ಕ. ಬೆಂಕಿ ಹೀಗೇ ಹತ್ಕೊಳೋದು, ಶಾರ್ಟ್ ಸರ್ಕ್ಯೂಟ್ ಅಂತ ಆಮೇಲೆ ಹೇಳ್ತಾರೆ ಅಷ್ಟೇ, ಶಾರ್ಟ್ ಆಗೋದಕ್ಕೆ ಮುಂಚೆ ವಾರಗಟ್ಟಲೆ ಸಿಪ್ಪೆ ಬೆಂದಿರುತ್ತೆ.

ಮೋಟರ್ ಸ್ಟಾರ್ಟ್ ಆಗುವಾಗ ಮಾತ್ರ ಎಂಸಿಬಿ ಬೀಳೋದು ಬೇರೆ ವಿಷ್ಯ, ಅದಕ್ಕೆ ಆಂಪ್ ಜಾಸ್ತಿ ಮಾಡೋದು ಬೇಡ, ಜಾತಿ ಬದಲಾಯಿಸಿದ್ರೆ ಸಾಕು. ಎಂಸಿಬಿ ಮೇಲೆ ಬಿ 16, ಸಿ 16 ಅಂತ ಬರೆದಿರುತ್ತೆ ನೋಡಿ. ಬಿ ಅಂದ್ರೆ ಮೂರರಿಂದ ಐದು ಪಟ್ಟಿಗೆ ತಕ್ಷಣ ಬೀಳುತ್ತೆ, ಸಿ ಅಂದ್ರೆ ಐದರಿಂದ ಹತ್ತು ಪಟ್ಟಿಗೆ, ಡಿ ಅಂದ್ರೆ ಹತ್ತರಿಂದ ಇಪ್ಪತ್ತಕ್ಕೆ. ಬಿ 16 ಅಂದ್ರೆ 48 ಆಂಪ್‌ಗೇ ಬೀಳ್ಬಹುದು, ನನ್ನ ಮೋಟರ್ ಎಳೀತಿದ್ದಿದ್ದೂ ಅಷ್ಟೇ. ಸಿ 16 ಆದ್ರೆ 80ರ ತನಕ ಆ ಒಂದು ಕ್ಷಣ ಸುಮ್ನೆ ಇರುತ್ತೆ, ವೈರಿಗೂ ಏನೂ ತೊಂದ್ರೆ ಇಲ್ಲ. ಮೋಟರು, ವೆಲ್ಡಿಂಗ್ ಮಷೀನಿಗೆ ಸಿ, ಲೈಟಿಗೆ ಬಿ.

ಈಗ ಹೊಸ ಲೈನ್ ಎಳೆಯೋ ಮಾತು. ಎಲ್ರೂ ಮೀಟರ್ ಕಡೆಯಿಂದ ಯೋಚನೆ ಶುರು ಮಾಡ್ತಾರೆ, ಇಲ್ಲಿಂದ ಒಂದು 4 ಎಂಎಂ ವೈರ್ ಎಳೆದುಬಿಡೋಣ ಅಂತ. ಶೆಡ್ ಕಡೆಯಿಂದ ಶುರು ಮಾಡ್ಬೇಕು. ಒಂದು ಹಾಳೆ ತಗೊಂಡು ಯಾವ್ಯಾವ ಮಷೀನು, ಎಷ್ಟೆಷ್ಟು ಆಂಪು, ಯಾವುದು ಯಾವುದರ ಜೊತೆ ಓಡುತ್ತೆ ಅಂತ ಬರೀಬೇಕು. ನನ್ನದು ಹೀಗಿತ್ತು: ಕಂಪ್ರೆಸರ್ 10 ಆಂಪ್, ಕಬ್ಬಿಣ ಕತ್ತರಿಸೋ ಹದಿನಾಲ್ಕು ಇಂಚಿನ ಕಟ್ ಆಫ್ ಮಷೀನ್ 2200 ವ್ಯಾಟ್ ಅಂದ್ರೆ 10 ಆಂಪ್, ನಾಲ್ಕಿಂಚಿನ ಗ್ರೈಂಡರ್ 4, ಡ್ರಿಲ್ 3, ಸ್ಕೂಟರ್ ಚಾರ್ಜರ್ 4, ಲೈಟು ಮತ್ತೆ ಎಕ್ಸಾಸ್ಟ್ ಫ್ಯಾನ್ ಸೇರಿ 1.

ವೆಲ್ಡಿಂಗ್ ಮಷೀನಲ್ಲಿ ಬಹಳ ಜನ ಎಡವೋದು. 200 ಆಂಪ್ ಮಷೀನ್ ಅಂತ ಬರೆದಿರುತ್ತೆ, ಅದು ರಾಡ್ ಕಡೆ ಬರೋ ಆಂಪು, ಅಲ್ಲಿ ವೋಲ್ಟೇಜ್ ಬರೀ 25ರ ಹತ್ರ. ಗೋಡೆ ಪ್ಲಗ್‌ನಿಂದ ಎಷ್ಟು ಎಳೆಯುತ್ತೆ ಅನ್ನೋದೇ ಬೇರೆ. ಈಗ ಸಿಗೋ ಸಣ್ಣ ಇನ್ವರ್ಟರ್ ಮಷೀನಲ್ಲಿ 12 ಗೇಜ್ ರಾಡ್ ಸುಡ್ತಾ ಇದ್ರೆ ಸುಮಾರು 14 ಆಂಪ್, ಅದಕ್ಕಿಂತ ದಪ್ಪ ಇರೋ 10 ಗೇಜ್ ರಾಡ್ ಹಾಕಿ 120ಕ್ಕೆ ಇಟ್ಟು ಸುಟ್ರೆ 22 ಆಂಪ್ ಹತ್ರ ಹೋಗುತ್ತೆ. 16 ಆಂಪ್ ಪ್ಲಗ್ಗಲ್ಲಿ 10 ಗೇಜ್ ರಾಡ್ ಸುಡ್ಬೇಡಿ, ಪ್ಲಗ್ ಕರಗೋದು ಅದಕ್ಕೇ, ಅದಕ್ಕೆ 32 ಆಂಪ್‌ನ ಇಂಡಸ್ಟ್ರಿಯಲ್ ಪ್ಲಗ್ಗು ಸಾಕೆಟ್ಟು ಬೇರೇನೇ ಹಾಕಿಸ್ಬೇಕು, ಅದಕ್ಕೆ ಅಂತಾನೇ ಒಂದು ಎಂಸಿಬಿ, ಅದಕ್ಕೆ ತಕ್ಕ 6 ಸ್ಕ್ವೇರ್ ಎಂಎಂ ವೈರು.

ವೆಲ್ಡಿಂಗ್‌ದು 22 ಸೇರಿಸಿ ಎಲ್ಲಾ ಕೂಡಿದ್ರೆ 54 ಆಂಪ್ ಆಗುತ್ತೆ, ಆದ್ರೆ ಕೆಲಸ ಮಾಡೋನು ನಾನೊಬ್ಬನೇ, ಎರಡು ಕೈಲಿ ಎರಡು ಮಷೀನ್ ಹಿಡಿಯೋಕಾಗಲ್ಲ. ಆದ್ರೆ ಕೆಲವು ತಾವಾಗೇ ಓಡ್ತವೆ, ಅದನ್ನ ಮರೀಬಾರ್ದು. ನಾನು ವೆಲ್ಡಿಂಗ್ ಮಾಡ್ತಿರುವಾಗ ಟ್ಯಾಂಕಲ್ಲಿ ಪ್ರೆಷರ್ ಇಳಿದು ಕಂಪ್ರೆಸರ್ ತಾನೇ ಸ್ಟಾರ್ಟ್ ಆಗುತ್ತೆ, ಸ್ಕೂಟರ್ ಚಾರ್ಜ್ ಆಗ್ತಿರುತ್ತೆ, ಲೈಟ್ ಇರುತ್ತೆ. ಹಾಗಾಗಿ 22, 10, 4, 1, ಒಟ್ಟು 37 ಆಂಪ್, ಅಂದ್ರೆ ಎಂಟೂವರೆ ಕಿಲೋವ್ಯಾಟ್. ಇದರ ಮೇಲೆ ಮನೆ ಗೀಸರ್ರು ಮೋಟರು. ನಮ್ಮ ಮನೆ ಸ್ಯಾಂಕ್ಷನ್ ಲೋಡ್, ಅಂದ್ರೆ ಕರೆಂಟ್ ಕಂಪನಿ ಮಂಜೂರು ಮಾಡಿರೋ ಲೋಡ್, 3 ಕಿಲೋವ್ಯಾಟ್ ಸಿಂಗಲ್ ಫೇಸ್ ಇತ್ತು. ಅಲ್ಲಿಗೆ ವೈರ್ ವಿಷ್ಯ ಆಮೇಲೆ, ಮೊದಲು ಲೋಡ್ ಜಾಸ್ತಿ ಮಾಡಿಸ್ಬೇಕು ಅಂತ ಗೊತ್ತಾಯ್ತು.

ಕರೆಂಟ್ ಬಿಲ್ ತೆಗೆದು ನೋಡಿ, ಆರ್‌ಆರ್ ನಂಬರ್ ಜೊತೆಗೇ ಸ್ಯಾಂಕ್ಷನ್ ಲೋಡ್ ಎಷ್ಟು, ಟ್ಯಾರಿಫ್ ಯಾವುದು ಅಂತ ಇರುತ್ತೆ. ಬೆಸ್ಕಾಂ ಆಗ್ಲಿ ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚೆಸ್ಕಾಂ ಆಗ್ಲಿ, ಹೆಚ್ಚುವರಿ ಲೋಡಿಗೆ ಅರ್ಜಿ ಹಾಕ್ಬೇಕು, ಲೈಸೆನ್ಸ್ ಇರೋ ಕಂಟ್ರಾಕ್ಟರ್ ಕೈಲಿ ವೈರಿಂಗ್ ನಕ್ಷೆ, ಕಂಪ್ಲೀಷನ್ ರಿಪೋರ್ಟ್ ಕೊಡಿಸ್ಬೇಕು. ಆ ಲೈಸೆನ್ಸು, ವೈರ್‌ಮನ್ ಪರ್ಮಿಟ್ಟು ಕೊಡೋದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ, ಕೆಲಸ ಒಪ್ಪಿಸೋ ಮುಂಚೆ ತೋರ್ಸಿ ಅಂತ ಕೇಳೋದರಲ್ಲಿ ನಾಚಿಕೆ ಏನಿಲ್ಲ. ಶೆಡ್ಡಲ್ಲಿ ನಿಮ್ಮ ಮನೆ ಗೇಟು ಬೆಂಚು ಮಾಡ್ಕೊಂಡ್ರೆ ಮನೆ ಟ್ಯಾರಿಫಲ್ಲೇ ನಡೆಯುತ್ತೆ, ಆದ್ರೆ ಊರೋರಿಗೆ ದುಡ್ಡಿಗೆ ವೆಲ್ಡಿಂಗ್ ಮಾಡಿಕೊಡೋಕೆ ಶುರು ಮಾಡಿದ್ರೆ ಅದು ಮನೆ ಬಳಕೆ ಅಲ್ಲ, 2003ರ ವಿದ್ಯುತ್ ಕಾಯ್ದೆ ಸೆಕ್ಷನ್ 126ರಲ್ಲಿ ಅನಧಿಕೃತ ಬಳಕೆ ಅಂತಾಗುತ್ತೆ, ಆ ಟ್ಯಾರಿಫಿನ ಎರಡು ಪಟ್ಟು ಕಟ್ಟಿಸ್ತಾರೆ. ಅಂಥವರು ಶೆಡ್‌ಗೆ ಬೇರೆ ಆರ್‌ಆರ್ ನಂಬರ್ ತಗೊಳ್ಳೋದೇ ಸರಿ. ಗೃಹಜ್ಯೋತಿ ಇರೋರು ಇನ್ನೊಂದು ನೋಡ್ಕೋಬೇಕು, 10 ಗೇಜ್ ರಾಡಲ್ಲಿ ಬಿಟ್ಟುಬಿಟ್ಟು ಕೆಲಸ ಮಾಡಿದ್ರೂ ಗಂಟೆಗೆ ಒಂದೂಮುಕ್ಕಾಲು ಯೂನಿಟ್ ಹೋಗುತ್ತೆ, ತಿಂಗಳಿಗೆ 200 ಯೂನಿಟ್ ದಾಟಿದ್ರೆ ಆ ತಿಂಗಳಿನ ಪೂರ್ತಿ ಬಿಲ್ ನಮ್ಮದೇ. ತೋಟದ ಪಂಪ್‌ಸೆಟ್ ಲೈನಿಂದ ಶೆಡ್‌ಗೆ ಎಳ್ಕೊಳ್ಳೋದು ನಮ್ಮ ಕಡೆ ಮಾಮೂಲಿ ಆಗಿಹೋಗಿದೆ, ದಯವಿಟ್ಟು ಮಾಡ್ಬೇಡಿ, ಕಾನೂನಿಗೂ ತಪ್ಪು, ಮೇಲಿಂದ ಆ ಲೈನಿಗೆ ಎಷ್ಟು ಹೊತ್ತಿಗೆ ತ್ರೀ ಫೇಸ್ ಇರುತ್ತೆ ಎಷ್ಟು ಹೊತ್ತಿಗೆ ಇರಲ್ಲ ಅಂತ ನಂಬೋ ಹಾಗಿಲ್ಲ.

ನಾನು ತ್ರೀ ಫೇಸ್ ತಗೊಂಡೆ. ಅದರ ದೊಡ್ಡ ಲಾಭ ಏನಂದ್ರೆ 37 ಆಂಪನ್ನ ಮೂರು ಕಡೆ ಹಂಚಬಹುದು: ವೆಲ್ಡಿಂಗ್ ಸಾಕೆಟ್ ಒಂದು ಫೇಸಲ್ಲಿ, ಕಂಪ್ರೆಸರ್ ಮತ್ತೆ ಕಟ್ ಆಫ್ ಮಷೀನ್ ಇನ್ನೊಂದರಲ್ಲಿ, ಲೈಟು ಚಾರ್ಜರ್ ಸಣ್ಣ ಪ್ಲಗ್ಗುಗಳು ಮೂರನೇದರಲ್ಲಿ. ವೆಲ್ಡಿಂಗ್ ಮಾಡುವಾಗ ಮೊದಲು ಮನೇಲಿ ಲೈಟು ಮಿಣಮಿಣ ಅಂತಿತ್ತು, ಅಮ್ಮ ಒಳಗಿಂದ ಕೂಗ್ತಿದ್ರು, ಈಗ ಮನೆ ಲೈಟು ಇರೋ ಫೇಸೇ ಬೇರೆ ಆಗಿರೋದರಿಂದ ಅದು ನಿಂತಿದೆ. ಒಂದು ಎಚ್ಚರಿಕೆ ಇದೆ, ಒಂದೇ ಫೇಸಿಗೂ ನ್ಯೂಟ್ರಲಿಗೂ ಮಧ್ಯೆ 230, ಆದ್ರೆ ಎರಡು ಫೇಸ್ ಮಧ್ಯೆ 400 ವೋಲ್ಟ್, ಹಾಗಾಗಿ ಒಂದೇ ಸ್ವಿಚ್ ಬೋರ್ಡಲ್ಲಿ ಎರಡು ಫೇಸ್ ತರಬಾರ್ದು, ಮೇಜಿನ ಹತ್ರ ಇರೋ ಎಲ್ಲಾ ಪ್ಲಗ್ಗೂ ಒಂದೇ ಫೇಸಲ್ಲಿರ್ಬೇಕು.

ಕೇಬಲ್ ವಿಷ್ಯಕ್ಕೆ ಬಂದ್ರೆ, ಮೀಟರಿಂದ ಶೆಡ್ ತನಕ 4 ಕೋರ್ 16 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ (ಮೇಲೆ ಲೋಹದ ಕವಚ ಇರೋದು) ಹಾಕಿದ್ದು. ಅಲ್ಯೂಮಿನಿಯಂ ಅಂದ ತಕ್ಷಣ ಮುಖ ಸಿಂಡರಿಸ್ತಾರೆ, ಆದ್ರೆ 16ರ ಅಲ್ಯೂಮಿನಿಯಂ ರೆಸಿಸ್ಟೆನ್ಸ್ ಹತ್ರಹತ್ರ 10ರ ತಾಮ್ರದಷ್ಟೇ, ಕಿಲೋಮೀಟರಿಗೆ 1.9 ಓಮ್, ಬೆಲೆ ತುಂಬಾ ಕಮ್ಮಿ. 70 ಮೀಟರಿಗೆ 0.13 ಓಮ್. ಹಳೇ ಎಕ್ಸ್‌ಟೆನ್ಷನಲ್ಲಿ 50 ಆಂಪ್‌ಗೆ 50 ವೋಲ್ಟ್ ಹೋಗ್ತಿದ್ದ ಜಾಗದಲ್ಲಿ ಈಗ ಆರೂವರೆ ವೋಲ್ಟ್ ಹೋಗುತ್ತೆ. ಶೆಡ್ ತುಂಬಾ ಹತ್ರ ಇದ್ದು ಬರೀ ಲೈಟು ಡ್ರಿಲ್ಲು ಸ್ಕೂಟರ್ ಚಾರ್ಜರ್ ಅಷ್ಟೇ ಅಂದ್ರೆ 4 ಸ್ಕ್ವೇರ್ ಎಂಎಂ ತಾಮ್ರದಲ್ಲಿ ಮುಗಿಯುತ್ತೆ, ಇಷ್ಟೆಲ್ಲಾ ಬೇಕಿಲ್ಲ.

ಗುಂಡಿ ಎರಡೂವರೆ ಅಡಿ ಆಳ ತೋಡಿಸಿ, ಕೆಳಗೆ ಮರಳು, ಅದರ ಮೇಲೆ ಕೇಬಲ್ಲು, ಮತ್ತೆ ಮರಳು, ಮೇಲೆ ಸಾಲಾಗಿ ಇಟ್ಟಿಗೆ ಜೋಡಿಸಿ ಮಣ್ಣು ಮುಚ್ಚಿಸಿ. ಇಟ್ಟಿಗೆ ಯಾಕೆ ಅಂದ್ರೆ ಹತ್ತು ವರ್ಷ ಬಿಟ್ಟು ಯಾರೋ ತೆಂಗಿನ ಸಸಿ ನೆಡೋಕೆ ಗುದ್ದಲಿ ಹಾಕಿದಾಗ ಮೊದಲು ಇಟ್ಟಿಗೆ ಸಿಗ್ಬೇಕು. ಬರೀ ಪಿವಿಸಿ ಪೈಪಲ್ಲಿ ಮಾಮೂಲಿ ಮನೆ ವೈರ್ ತೂರಿಸಿ ಮಣ್ಣಲ್ಲಿ ಹೂಳೋದು ಬೇಡ, ಪೈಪ್ ಒಳಗೆ ನೀರು ನಿಂತೇ ನಿಲ್ಲುತ್ತೆ, ಹೆಗ್ಗಣ ಬೇರೆ. ಮಣ್ಣು ಮುಚ್ಚೋ ಮುಂಚೆ ಮೊಬೈಲಲ್ಲಿ ಫೋಟೋ ತಗೊಳ್ಳಿ, ಗೋಡೆಯಿಂದ ಎಷ್ಟಡಿ ದೂರ ಹೋಗಿದೆ ಅಂತ ಟೇಪ್ ಹಿಡಿದು.

ಅಲ್ಯೂಮಿನಿಯಂ ಕೇಬಲ್ ಹಾಳಾಗೋದು ಜಾಯಿಂಟಲ್ಲಿ. ಅದನ್ನ ತಾಮ್ರದ ಜೊತೆ ಸುತ್ತಿ ಟೇಪ್ ಹಾಕಿದ್ರೆ ಒಂದೆರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಸಿಯಾಗೋಕೆ ಶುರು ಆಗುತ್ತೆ. ವೈರಿನ ತುದಿಗೆ ಹಾಕೋ, ಎರಡೂ ಲೋಹಕ್ಕೆ ಆಗೋ ಬೈಮೆಟಲ್ ಲಗ್ ಸಿಗುತ್ತೆ, ಅದನ್ನ ಕ್ರಿಂಪಿಂಗ್ ಟೂಲಲ್ಲೇ ಒತ್ತಬೇಕು, ಕಟಿಂಗ್ ಪ್ಲೇಯರಲ್ಲಿ ಜಜ್ಜಬಾರ್ದು. ನನ್ನ ಹಳೇ ಪ್ಲಗ್ ಕರಗಿದ್ದೂ ವೈರ್ ಸಣ್ಣ ಅಂತ ಮಾತ್ರ ಅಲ್ಲ, ಸಾಕೆಟ್ ಒಳಗಿನ ಹಿತ್ತಾಳೆ ಕ್ಲಿಪ್ ಸಡಿಲ ಆಗಿತ್ತು. ಸಡಿಲ ಜಾಯಿಂಟಲ್ಲಿ ಅರ್ಧ ಓಮ್ ಇದ್ದು 10 ಆಂಪ್ ಹರಿದ್ರೆ 50 ವ್ಯಾಟ್ ಬಿಸಿ, ಸೋಲ್ಡರಿಂಗ್ ಐರನ್ ಒಂದನ್ನ ಪ್ಲಗ್ ಒಳಗೆ ಇಟ್ಟ ಹಾಗೆ. ಇದನ್ನ ಯಾವ ಎಂಸಿಬೀನೂ ಕಂಡುಹಿಡಿಯಲ್ಲ, ಯಾಕಂದ್ರೆ ಅದಕ್ಕೆ ಕಾಣೋದು ಬರೀ 10 ಆಂಪ್.

ಇನ್ನು ಅರ್ತಿಂಗ್, ಅಂದ್ರೆ ಮಷೀನಿನ ಲೋಹದ ಬಾಡೀನ ಮಣ್ಣಿಗೆ ಸೇರಿಸೋದು. ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಜೀವ ಹೋಗೋದು ಇಲ್ಲೇ. ನಮ್ಮ ಕಡೆ ಅರ್ತ್ ಟೆಸ್ಟ್ ಮಾಡೋದು ಹೇಗೆ ಅಂದ್ರೆ ಹೋಲ್ಡರಿಗೆ ಒಂದು 100 ವ್ಯಾಟ್ ಬಲ್ಬ್ ಹಾಕಿ ಒಂದು ವೈರ್ ಫೇಸಿಗೆ ಒಂದು ಅರ್ತಿಗೆ ಮುಟ್ಟಿಸ್ತಾರೆ, ಬಲ್ಬ್ ಝಗ್ ಅಂತ ಉರಿದ್ರೆ "ಅರ್ತ್ ಸೂಪರಾಗಿದೆ ಸಾರ್" ಅಂತ ಹೇಳಿ ಹೋಗ್ತಾರೆ. ಉರಿಯೋ 100 ವ್ಯಾಟ್ ಬಲ್ಬಿನ ರೆಸಿಸ್ಟೆನ್ಸ್ 529 ಓಮ್. ನಿಮ್ಮ ಅರ್ತ್ ಗುಂಡಿ ಒಣಗಿ 50 ಓಮ್ ಆಗಿದೆ ಅಂತ ಇಟ್ಕೊಳ್ಳಿ, ಅದು ಕೆಟ್ಟ ಅರ್ತ್. ಆಗಲೂ ಬಲ್ಬಿಗೆ 210 ವೋಲ್ಟ್ ಸಿಗುತ್ತೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಅದೇ ಅರ್ತ್ ಮೇಲೆ ಮಷೀನ್ ಬಾಡೀಗೆ ಫೇಸ್ ತಗುಲಿದ್ರೆ ಎಷ್ಟು ಆಂಪ್ ಹರಿಯುತ್ತೆ? 230ನ್ನ 50ರಿಂದ ಭಾಗಿಸಿ, 4.6 ಆಂಪ್. ಒಂದು ಗ್ರೈಂಡರ್ ಎಳೆಯೋವಷ್ಟು. ಯಾವ ಎಂಸಿಬಿ ಬೀಳುತ್ತೆ ಹೇಳಿ? ಯಾವುದೂ ಬೀಳಲ್ಲ, ಮಷೀನ್ ಬಾಡಿ 200 ವೋಲ್ಟಿಗೂ ಮೇಲೆ ಹಾಗೇ ಕೂತಿರುತ್ತೆ, ನೀವು ಬಂದು ಮುಟ್ಟೋ ತನಕ.

ಸರಿ, ಅರ್ತ್ ಚೆನ್ನಾಗಿ ಮಾಡಿಸ್ತೀನಿ, ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ ಇದ್ದಿಲು ಉಪ್ಪು ಹಾಕಿಸಿ 5 ಓಮ್‌ಗೆ ತರ್ತೀನಿ ಅಂದ್ಕೊಳ್ಳಿ. ಆಗ 46 ಆಂಪ್ ಹರಿಯುತ್ತೆ, ನಿಜಕ್ಕೂ ಇನ್ನೂ ಕಮ್ಮೀನೇ, ಯಾಕಂದ್ರೆ ಟ್ರಾನ್ಸ್‌ಫಾರ್ಮರ್ ಕಡೆ ಅರ್ತೂ ಆ ದಾರೀಲಿ ಸೇರುತ್ತೆ. ಸಿ 20 ಎಂಸಿಬಿ ತಕ್ಷಣ ಬೀಳೋಕೆ ಕಮ್ಮಿ ಅಂದ್ರೂ 100 ಆಂಪ್ ಬೇಕು. ಅಂದ್ರೆ ಒಳ್ಳೇ ಅರ್ತ್ ಇದ್ರೂ ಎಂಸಿಬಿ ಒಂದನ್ನೇ ನಂಬಿದ್ರೆ ಸಾಲಲ್ಲ. ಮನೆ ಪಕ್ಕದ ಮಣ್ಣಿನ ಮೂಲಕ ವಾಪಸ್ ಹೋಗೋ ಕರೆಂಟಿಗೆ ಎಂಸಿಬೀನ ಬೀಳಿಸೋ ತಾಕತ್ತು ಇರಲ್ಲ, ಇದು ಅರ್ಥ ಆದ ದಿನ ನನಗೆ ನಿದ್ದೆ ಬರ್ಲಿಲ್ಲ, ಯಾಕಂದ್ರೆ ಒಂದು ವರ್ಷ ಒದ್ದೆ ನೆಲದಲ್ಲಿ ಚಪ್ಪಲಿ ಹಾಕ್ಕೊಂಡು ಗ್ರೈಂಡರ್ ಹಿಡಿದಿದ್ದೆ ನಾನು.

ಅದಕ್ಕೆ ಇರೋದೇ ಆರ್‌ಸಿಸಿಬಿ, ಹಳಬರು ಇಎಲ್‌ಸಿಬಿ ಅಂತಾರೆ. ಅದು ಮಾಡೋ ಕೆಲಸ ಬಹಳ ಸರಳ: ಫೇಸಲ್ಲಿ ಹೋಗಿದ್ದೆಷ್ಟು, ನ್ಯೂಟ್ರಲಲ್ಲಿ ವಾಪಸ್ ಬಂದಿದ್ದೆಷ್ಟು ಅಂತ ಎಣಿಸ್ತಾ ಇರುತ್ತೆ. ಎರಡೂ ಒಂದೇ ಇದ್ರೆ ಸುಮ್ನಿರುತ್ತೆ. 30 ಮಿಲಿಆಂಪ್ ವ್ಯತ್ಯಾಸ ಬಂದ್ರೆ, ಅಂದ್ರೆ ಎಲ್ಲೋ ಬೇರೆ ದಾರೀಲಿ, ಬಾಡಿ ಮೂಲಕ, ನಿಮ್ಮ ಕೈ ಮೂಲಕ ಮಣ್ಣಿಗೆ ಹೋಗ್ತಿದೆ ಅಂತ ಅರ್ಥ, 0.3 ಸೆಕೆಂಡ್ ಒಳಗೆ ಕಟ್ ಮಾಡುತ್ತೆ, 150 ಮಿಲಿಆಂಪ್ ಆದ್ರೆ 0.04 ಸೆಕೆಂಡಲ್ಲೇ. 50 ಓಮ್ ಕೆಟ್ಟ ಅರ್ತಲ್ಲಿ ಹರಿದ 4.6 ಆಂಪ್ ಎಂಸಿಬಿಗೆ ಏನೂ ಅಲ್ಲ, ಆರ್‌ಸಿಸಿಬಿಗೆ ಅದು ನೂರೈವತ್ತು ಪಟ್ಟು ಜಾಸ್ತಿ. ಹಾಗಂತ ಅರ್ತ್ ಬೇಡ ಅಂತಲ್ಲ. ಅರ್ತ್ ಇದ್ರೆ ಬಾಡೀಗೆ ಫೇಸ್ ತಗುಲಿದ ಕ್ಷಣಾನೇ ಆರ್‌ಸಿಸಿಬಿ ಬೀಳುತ್ತೆ, ಇಲ್ದಿದ್ರೆ ನೀವು ಮುಟ್ಟಿದ ಮೇಲೆ ಬೀಳುತ್ತೆ. ಮತ್ತೆ ಒಂದು ಕೈಲಿ ಫೇಸ್ ಇನ್ನೊಂದು ಕೈಲಿ ನ್ಯೂಟ್ರಲ್ ಹಿಡಿದ್ರೆ ಆರ್‌ಸಿಸಿಬಿಗೆ ಅದು ಬಲ್ಬ್ ಉರಿದ ಹಾಗೇ ಕಾಣುತ್ತೆ, ಅಲ್ಲಿ ಅದು ಕಾಯಲ್ಲ.

ನಮ್ಮ ಶೆಡ್ಡಲ್ಲಿ ಎರಡು ಹಂತ ಮಾಡಿಸಿದೀವಿ. ಮೀಟರ್ ಹತ್ರ 32 ಆಂಪ್ ಫೋರ್ ಪೋಲ್ ಎಂಸಿಬಿ ಜೊತೆಗೆ 300 ಮಿಲಿಆಂಪ್‌ನ ಸ್ವಲ್ಪ ತಡವಾಗಿ ಬೀಳೋ ಜಾತಿ ಆರ್‌ಸಿಸಿಬಿ, ಅದು ಕೇಬಲ್ಲಿಗೆ ಗುದ್ದಲಿ ಬಿದ್ರೆ ಅಂತ. ಶೆಡ್ ಒಳಗೆ ಒಂದೊಂದು ಫೇಸಿಗೆ ಒಂದೊಂದು 30 ಮಿಲಿಆಂಪ್‌ದು. ಮೂರಕ್ಕೂ ಸೇರಿ ಒಂದೇ ಹಾಕಿದ್ರೆ ದುಡ್ಡು ಉಳಿಯುತ್ತೆ, ಆದ್ರೆ ಗ್ರೈಂಡರ್ ವೈರ್ ತೇವ ಆಗಿ ಬಿದ್ರೆ ಲೈಟೂ ಹೋಗುತ್ತೆ, ಕತ್ತಲಲ್ಲಿ ಬ್ಲೇಡ್ ಇನ್ನೂ ತಿರುಗ್ತಿರುತ್ತೆ. ಅದು ಬೇಡ. ಕೊಳ್ಳುವಾಗ ಎ ಟೈಪ್ ಕೇಳಿ, ಎಸಿ ಟೈಪ್ ಅಲ್ಲ, ಯಾಕಂದ್ರೆ ಇನ್ವರ್ಟರ್ ವೆಲ್ಡಿಂಗ್ ಮಷೀನು, ಗಾಡಿ ಚಾರ್ಜರ್ ಒಳಗೆಲ್ಲಾ ಎಲೆಕ್ಟ್ರಾನಿಕ್ಸ್, ಅವುಗಳಿಂದ ಸೋರೋ ಕರೆಂಟನ್ನ ಎಸಿ ಟೈಪ್ ಸರಿಯಾಗಿ ಗುರುತಿಸಲ್ಲ. ಶೆಡ್ಡಿನ ಅರ್ತ್ ವೈರ್ ಅಂತ ಕೇಬಲ್ ಜೊತೆಗೇ ಗುಂಡೀಲಿ 8 ಗೇಜ್ ಜಿಐ ತಂತಿ ಎಳೆಸಿ, ಶೆಡ್ ಪಕ್ಕದಲ್ಲೂ ಒಂದು ಪೈಪ್ ಇಳಿಸಿ ಎರಡನ್ನೂ ಸೇರಿಸಿದೆ. ಆ ಗುಂಡಿಗೆ ಬೇಸಿಗೇಲಿ ವಾರಕ್ಕೆ ಒಂದು ಬಿಂದಿಗೆ ನೀರು ಹಾಕ್ತೀನಿ, ಏಪ್ರಿಲಲ್ಲಿ ನಮ್ಮ ಕಡೆ ನೆಲ ಬಿರುಕು ಬಿಡುತ್ತೆ.

ಆರ್‌ಸಿಸಿಬಿ ಹಾಕಿಸಿದ ಮೇಲೆ "ಸುಮ್ಸುಮ್ನೆ ಬೀಳುತ್ತೆ" ಅಂತ ಕಿತ್ತು ಬೈಪಾಸ್ ಮಾಡಿಸಿದೋರನ್ನ ನೋಡಿದೀನಿ. ಸುಮ್ನೆ ಬೀಳಲ್ಲ ಅದು. ಬಹಳ ಸಲ ಕಾರಣ ನ್ಯೂಟ್ರಲ್. ಶೆಡ್ಡಿನ ಒಂದು ಲೈಟಿಗೆ ಮನೆ ಯುಪಿಎಸ್ ಲೈನ್ ಕೊಟ್ಟಿರ್ತಾರೆ, ಫೇಸ್ ಮನೇದು, ನ್ಯೂಟ್ರಲ್ ಮಾತ್ರ ಹತ್ರ ಇದೆ ಅಂತ ಶೆಡ್ಡಿಂದು, ಆಗ ಲೆಕ್ಕ ತಪ್ಪಿ ಬಿದ್ದೇ ಬೀಳುತ್ತೆ. ಇಲ್ಲಾಂದ್ರೆ ಯಾರೋ ಶೆಡ್ ಬೋರ್ಡಲ್ಲಿ ನ್ಯೂಟ್ರಲನ್ನೂ ಅರ್ತನ್ನೂ ಕೂಡಿಸಿರ್ತಾರೆ. ಇದನ್ನ ಯಾವ ಕಾರಣಕ್ಕೂ ಮಾಡ್ಬಾರ್ದು, ಮೇಲೆ ಕಂಬದ ಕಡೆ ನ್ಯೂಟ್ರಲ್ ಕಿತ್ತು ಹೋದ್ರೆ ಶೆಡ್ಡಿನ ಎಲ್ಲಾ ಮಷೀನ್ ಬಾಡಿಗೂ ಕರೆಂಟ್ ಬರುತ್ತೆ. ತ್ರೀ ಫೇಸಲ್ಲಿ ನ್ಯೂಟ್ರಲ್ ಕಿತ್ತು ಹೋದ್ರೆ ಇನ್ನೊಂದು ಅನಾಹುತ ಇದೆ, ಲೋಡ್ ಕಮ್ಮಿ ಇರೋ ಫೇಸಿಗೆ 300 ವೋಲ್ಟಿಗೂ ಮೇಲೆ ಹೋಗಿ ಚಾರ್ಜರ್ರು ಲೈಟು ಎಲ್ಲಾ ಒಂದೇ ಏಟಿಗೆ ಸುಟ್ಟುಹೋಗ್ತವೆ. ಅದಕ್ಕೇ ನ್ಯೂಟ್ರಲ್ ಲಿಂಕಿನ ಸ್ಕ್ರೂ ಬಿಗಿಯಾಗಿದೆಯಾ ಅಂತ ಕೆಲಸ ಮುಗಿದ ದಿನ ಕಣ್ಣಾರೆ ನೋಡಿ, ಹೆಚ್ಚು ವೋಲ್ಟೇಜ್ ಬಂದ್ರೆ ಕಟ್ ಮಾಡೋ ಪ್ರೊಟೆಕ್ಟರ್ ಸಿಗುತ್ತೆ, ಅದನ್ನೂ ಹಾಕಿಸಿದ್ರೆ ನೆಮ್ಮದಿ.

ಒಳಗಿನ ವೈರಿಂಗಲ್ಲಿ ಎರಡೇ ಮಾತು ಹೇಳ್ತೀನಿ. ಒಂದು, ಕರೆಂಟ್ ಹೋಗಿ ಬರೋದು ನಮಗೆ ದಿನಾ ಇರೋದೇ. ಮರ ಕೊಯ್ಯೋ ಟೇಬಲ್ ಸಾ, ಕಂಪ್ರೆಸರ್ ಇಂಥವನ್ನ ಬರೀ ಸ್ವಿಚ್ ಮೇಲೆ ಬಿಡ್ಬೇಡಿ. ಕರೆಂಟ್ ಹೋಯ್ತು, ನೀವು ಸ್ವಿಚ್ ಆಫ್ ಮಾಡೋದು ಮರೆತು ಬ್ಲೇಡಿಗೆ ಸಿಕ್ಕಿದ್ದ ಮರದ ಚೂರು ತೆಗೆಯೋಕೆ ಕೈ ಹಾಕಿದ್ರಿ, ಅಷ್ಟರಲ್ಲಿ ಕರೆಂಟ್ ಬಂತು. ಪಂಪ್‌ಸೆಟ್ಟಿಗೆ ಹಾಕ್ತೀವಲ್ಲ ಹಸಿರು ಕೆಂಪು ಬಟನ್ ಸ್ಟಾರ್ಟರು, ಅಂಥದ್ದೇ ಹಾಕಿಸಿ, ಅದರೊಳಗಿನ ಕಾಯಿಲ್ ಕರೆಂಟ್ ಹೋದ ತಕ್ಷಣ ಬಿಟ್ಟುಬಿಡುತ್ತೆ, ಮತ್ತೆ ಹಸಿರು ಒತ್ತೋ ತನಕ ಮಷೀನ್ ತಿರುಗಲ್ಲ. ಎರಡು, ಲೈಟು. ಹಳೇ ಚೋಕ್ ಟ್ಯೂಬ್‌ಲೈಟು, ಕೆಲವು ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗ್ತವೆ, ಕಣ್ಣಿಗೆ ಗೊತ್ತಾಗಲ್ಲ, ಆದ್ರೆ ಆ ಬೆಳಕಲ್ಲಿ ಜೋರಾಗಿ ತಿರುಗ್ತಿರೋ ಬ್ಲೇಡ್ ನಿಂತ ಹಾಗೆ ಕಾಣ್ಬಹುದು. ಮೊಬೈಲ್ ಕ್ಯಾಮೆರಾ ಲೈಟಿಗೆ ಹಿಡಿದು ನೋಡಿ, ಕಪ್ಪು ಪಟ್ಟೆ ಓಡಿದ್ರೆ ಆ ಲೈಟ್ ಮಷೀನ್ ಮೇಲೆ ಬೇಡ.

ಎಲೆಕ್ಟ್ರಿಕ್ ಕಾರು ತಗೊಳ್ಳೋ ಯೋಚನೆ ಇದ್ರೆ ಈಗಲೇ ಲೆಕ್ಕಕ್ಕೆ ಸೇರಿಸ್ಕೊಳ್ಳಿ. ಕಾರಿನ ಮಾಮೂಲಿ 3.3 ಕಿಲೋವ್ಯಾಟ್ ಚಾರ್ಜರ್ 15 ಆಂಪ್ ಹತ್ರ ಎಳೆಯುತ್ತೆ, ಗೋಡೆಗೆ ಹಾಕೋ 7.2 ಕಿಲೋವ್ಯಾಟ್‌ದು 32 ಆಂಪ್. ಗ್ರೈಂಡರ್ ಎರಡು ನಿಮಿಷ ಓಡಿ ನಿಲ್ಲುತ್ತೆ, ಇದು ರಾತ್ರಿ ಎಂಟು ಗಂಟೆ ಹೊತ್ತು ಒಂದೇ ಸಮ ಎಳೀತಾ ಇರುತ್ತೆ, ವೈರಿಗೆ ತಣ್ಣಗಾಗೋಕೆ ಬಿಡುವೇ ಇಲ್ಲ. ನಾನು ಅದಕ್ಕೆ 6 ಸ್ಕ್ವೇರ್ ಎಂಎಂ ತಾಮ್ರದ ಒಂದು ಲೈನ್ ಬೇರೇನೇ ಎಳೆಸಿ, ತುದಿ ಮುಚ್ಚಿ ಇಡಿಸಿದೀನಿ.

ಕೆಲಸ ಮುಗಿದ ದಿನ ಕಂಟ್ರಾಕ್ಟರ್ ಮೆಗ್ಗರ್ (ವೈರಿನ ಸಿಪ್ಪೆಯಿಂದ ಕರೆಂಟ್ ಸೋರುತ್ತಾ ಅಂತ ನೋಡೋ ಮೀಟರ್) ತಂದು 500 ವೋಲ್ಟಲ್ಲಿ ಫೇಸ್ ಮತ್ತೆ ಅರ್ತ್ ಮಧ್ಯೆ ಇನ್ಸುಲೇಷನ್ ನೋಡಿದ್ರು, 1 ಮೆಗಾಓಮ್‌ಗಿಂತ ಕಮ್ಮಿ ಬಂದ್ರೆ ಕರೆಂಟ್ ಕೊಡಲ್ಲ ಅಂದಿದ್ರು, ನೂರರ ಮೇಲೆ ಬಂತು. ಅರ್ತನ್ನ ಬಲ್ಬಲ್ಲಿ ಅಲ್ಲ, ಎರಡು ಗೂಟ ಹೊಡೆದು ಮೀಟರಲ್ಲೇ ಅಳೆದ್ರು, 3.8 ಓಮ್. ಆಮೇಲೆ ಒಂದೊಂದೇ ಆರ್‌ಸಿಸಿಬಿ ಟೆಸ್ಟ್ ಬಟನ್ ನನ್ನ ಕೈಲೇ ಒತ್ತಿಸಿದ್ರು. ಈಗ ಡಿಬಿ (ಎಂಸಿಬಿಗಳೆಲ್ಲಾ ಇರೋ ಡಬ್ಬಿ) ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿದೀನಿ: ಯಾವ ಎಂಸಿಬಿ ಯಾವ ಸಾಕೆಟ್ಟಿಂದು, ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಅವತ್ತು ಅರ್ತ್ ಎಷ್ಟಿತ್ತು, ಅದರ ಕೆಳಗೆ ತಿಂಗಳು ತಿಂಗಳು ಟೆಸ್ಟ್ ಬಟನ್ ಒತ್ತಿದ ತಾರೀಖು ಪೆನ್ಸಿಲಲ್ಲಿ. ಸಂಜೆ ಏಳಕ್ಕೆ ಕಂಪ್ರೆಸರ್ ಸ್ವಿಚ್ ಹಾಕಿದ್ರೆ ಒಂದು ಸೆಕೆಂಡ್ ಗುಡುಗಿ ತಿರುಗೋಕೆ ಶುರು ಆಗುತ್ತೆ.